ವ್ಯಾನ್ ಗೋ ಮಲಗುವ ಕೋಣೆಯ ಗೋಡೆ ನೀಲಿಯಾದದ್ದು ಹೇಗೆ?

ಹಾಸನದ ಪೇಟೆಬೀದಿಗಳಲ್ಲಿ ಸಂಜೆಯ ಬಿಸಿಲು ನೇರವಾಗಿ ಬೀಳುವ ಕಟಿಂಗ್ ಶಾಪುಗಳ ಗಾಜಿಗೆ ಒಳಗಿನಿಂದ ಅಂಟಿಸಿದ ಬಣ್ಣದ ಚಿತ್ರಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಂಟಿಸಿದ ಹೊಸತರಲ್ಲಿ ಆ ಚಿತ್ರಗಳೊಳಗಿನ ತರುಣರ ಮುಖಕ್ಕೆ ಮನುಷ್ಯರ ಮುಖದ ಬಣ್ಣವೇ ಇರುತ್ತದೆ, ಅಂಗಿ ಕೆಂಪಗೋ ಹಳದಿಯಾಗಿಯೋ ಇರುತ್ತದೆ. ನಾಲ್ಕೈದು ಬೇಸಿಗೆ ಕಳೆಯುವಷ್ಟರಲ್ಲಿ ಎಲ್ಲರೂ ತಲೆಯಿಂದ ಕಾಲಿನವರೆಗೆ ನೀಲಿಯಾಗಿರುತ್ತಾರೆ. ಆ ನೀಲಿಯನ್ನು ಯಾರೂ ಬಳಿದಿಲ್ಲ. ಮುದ್ರಣದ ಕೆಂಪು ಮತ್ತು ಹಳದಿ ಶಾಯಿಗಳು ಬಿಸಿಲಿಗೆ ಬೇಗ ಸೋಲುತ್ತವೆ, ನೀಲಿ ಶಾಯಿ ತಡೆದುಕೊಳ್ಳುತ್ತದೆ. ಮೂವರು ಕೂಡಿ ಹಾಡುತ್ತಿದ್ದಲ್ಲಿ ಇಬ್ಬರು ಎದ್ದು ಹೋದರೆ ಮೂರನೆಯವನ ದನಿಯಷ್ಟೇ ಕೇಳಿಸುವ ಹಾಗೆ, ಉಳಿದ ನೀಲಿಯೊಂದೇ ನಮ್ಮ ಕಣ್ಣಿಗೆ ಬೀಳುತ್ತದೆ.

ಇದೇ ಗತಿ ಜಗತ್ತಿನ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಕ್ಕೂ ಒದಗಿದೆ. ವಿನ್ಸೆಂಟ್ ವ್ಯಾನ್ ಗೋ 1888ರ ಅಕ್ಟೋಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿದ್ದಾಗ, ತಾನು ಮಲಗುತ್ತಿದ್ದ ಕೋಣೆಯನ್ನು ಚಿತ್ರಿಸಿದ. ನಾವು ಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಚಹಾದ ಬಟ್ಟಲುಗಳ ಮೇಲೆ ಸಹ ಕಂಡಿರುವ ಆ ಕೋಣೆಯ ಗೋಡೆಗಳು ತಿಳಿನೀಲಿ. ಆದರೆ ಅದನ್ನು ಬರೆಯುತ್ತಿದ್ದ ದಿನಗಳಲ್ಲೇ ತಮ್ಮ ಥಿಯೋಗೆ ಕಳಿಸಿದ ಪತ್ರದಲ್ಲಿ ಆತ ಬಣ್ಣಗಳನ್ನು ಒಂದೊಂದಾಗಿ ಎಣಿಸಿ ಹೇಳಿದ್ದಾನೆ: ಮಂಚ ಮತ್ತು ಕುರ್ಚಿಗಳು ಹೊಸ ಬೆಣ್ಣೆಯ ಹಳದಿ, ಹೊದಿಕೆ ಕಡುಗೆಂಪು, ಕಿಟಕಿ ಹಸಿರು, ಬೋಗುಣಿ ನೀಲಿ, ಗೋಡೆಗಳು ತಿಳಿ ನೇರಳೆ. ಪತ್ರದಲ್ಲಿ ನೇರಳೆ, ಚಿತ್ರದಲ್ಲಿ ನೀಲಿ. ಬಣ್ಣಗಳ ವಿಷಯದಲ್ಲಿ ಅಷ್ಟೊಂದು ಎಚ್ಚರವಿದ್ದ ಮನುಷ್ಯ ತನ್ನದೇ ಗೋಡೆಯ ಬಣ್ಣವನ್ನು ತಪ್ಪಾಗಿ ಬರೆದಿರಲಾರ. ಹಾಗಾದರೆ ನೇರಳೆಯೊಳಗಿದ್ದ ಕೆಂಪು ಎಲ್ಲಿಗೆ ಹೋಯಿತು?

ಕುತೂಹಲಕ್ಕಾಗಿ ಮಾತ್ರ ಕೇಳುವ ಪ್ರಶ್ನೆ ಇದಲ್ಲ. ಒಂದಕ್ಕೊಂದು ಎದುರಾದ ಬಣ್ಣಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವು ಪರಸ್ಪರ ಎತ್ತಿಹಿಡಿಯುವಂತೆ ಮಾಡುವುದು ವ್ಯಾನ್ ಗೋನ ಚಿತ್ರಕಲೆಯ ಮೂಲ ಲೆಕ್ಕಾಚಾರ. ಹಳದಿಗೆ ನೇರಳೆ ಎದುರು, ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ. ಬೆಣ್ಣೆಯ ಹಳದಿ ಮಂಚದ ಹಿಂದೆ ನೇರಳೆ ಗೋಡೆ ಇದ್ದರೆ ಆಗುವ ಪರಿಣಾಮ ಒಂದು, ನೀಲಿ ಗೋಡೆ ಇದ್ದರೆ ಆಗುವುದು ಇನ್ನೊಂದು. ಈ ಚಿತ್ರ ನೋಡಿದವರಿಗೆ ವಿಶ್ರಾಂತಿಯ, ನಿದ್ರೆಯ ಭಾವ ಬರಬೇಕೆಂದು ಆತ ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ನೀಲಿಯಲ್ಲಿ ಚಿತ್ರಕಾರನ ವಿಷಾದವನ್ನು ಓದಲು ಹೊರಟವರು ನಿಜವಾಗಿ ಓದುವುದು ಒಂದು ಕೆಂಪು ಬಣ್ಣದ ಸಾವನ್ನು.

ಆ ಕೆಂಪಿನ ಹೆಸರು ಜೆರೇನಿಯಂ ಲೇಕ್. ಶಾಲೆಯಲ್ಲಿ ಕ್ಯಾಮೆಲ್ ಬಣ್ಣದ ಪೆಟ್ಟಿಗೆ ಬಳಸಿದವರಿಗೆ ಕ್ರಿಮ್ಸನ್ ಲೇಕ್ ಎಂಬ ಪುಟ್ಟ ಟ್ಯೂಬಿನ ನೆನಪಿರಬಹುದು. ಲೇಕ್ ಎಂದರೆ ಕೆರೆ, ಕೆರೆ ಹೇಗೆ ಕೆಂಪಾದೀತು ಎಂದು ನಾವು ತಲೆ ಕೆಡಿಸಿಕೊಂಡದ್ದುಂಟು. ಕೆರೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಅರಗಿಗೆ ಸಂಸ್ಕೃತದಲ್ಲಿರುವ ಲಾಕ್ಷಾ ಎಂಬ ಹೆಸರೇ ಭಾಷೆಯಿಂದ ಭಾಷೆಗೆ ಸಾಗಿ ಯುರೋಪಿನಲ್ಲಿ ಲೇಕ್ ಆಯಿತು. ಅರಗಿನ ಹುಳುವಿನಿಂದ ಬರುವ ಕೆಂಪು ನೀರಿನಲ್ಲಿ ಕರಗುತ್ತದೆ. ಕರಗುವ ಬಣ್ಣದಿಂದ ಬಟ್ಟೆಗೆ ರಂಗು ಹಾಕಬಹುದೇ ಹೊರತು ಎಣ್ಣೆಯಲ್ಲಿ ಕಲಸಿ ಕ್ಯಾನ್ವಾಸಿಗೆ ಹಚ್ಚಲಾಗುವುದಿಲ್ಲ. ಆದ್ದರಿಂದ ಅದನ್ನು ಪಟಿಕದಂಥ ಲವಣದ ನೆರವಿನಿಂದ ಬಿಳಿಯ, ಕರಗದ ಪುಡಿಯೊಂದರ ಮೇಲೆ ಕೂರಿಸುತ್ತಾರೆ. ಹೀಗೆ ಪುಡಿಯ ಮೇಲೆ ಕೂರಿಸಿದ ರಂಗಿಗೆಲ್ಲ ಲೇಕ್ ಎಂಬುದೇ ಸಾಮಾನ್ಯ ಹೆಸರಾಯಿತು. ಜೆರೇನಿಯಂ ಲೇಕಿನಲ್ಲಿ ಹಾಗೆ ಕೂರಿಸಿದ್ದು ಅರಗಿನ ಕೆಂಪನ್ನಲ್ಲ, 1870ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ತಯಾರಿಸಿದ ಇಯೋಸಿನ್ ಎಂಬ ಕೃತಕ ರಂಗನ್ನು. ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಅಂಗಾಂಶದ ತೆಳು ಚೂರುಗಳಿಗೆ ಗುಲಾಬಿ ಬಣ್ಣ ಕೊಡಲು ಇಂದಿಗೂ ಬಳಸುವುದು ಅದನ್ನೇ. ಹೊಸದಾಗಿ ಹಚ್ಚಿದಾಗ ಅದರ ಹೊಳಪಿಗೆ ಸಾಟಿಯಿಲ್ಲ; ಬೆಳಕಿಗೆ ಒಡ್ಡಿದರೆ ಅದರಷ್ಟು ಬೇಗ ಅಳಿಯುವುದೂ ಕಡಿಮೆ. ಊಟದ ಸಾರು ಬಿದ್ದು ಬಿಳಿ ಪಂಚೆಗೆ ಹತ್ತಿದ ಅರಿಶಿನದ ಕಲೆಯನ್ನು ಸೋಪಿನಿಂದ ಎಷ್ಟು ತಿಕ್ಕಿದರೂ ಹೋಗದಿದ್ದಾಗ ಅಂಗಳದ ಬಿಸಿಲಿಗೆ ಹರವಿ ತೆಗೆಯುವ ಮನೆಯವರಿಗೆ ಇದರ ಗುಟ್ಟು ಗೊತ್ತೇ ಇದೆ. ರಂಗಿನ ಕಣದೊಳಗೆ ಬೆಳಕನ್ನು ಹೀರಿಕೊಳ್ಳುವ ಭಾಗ ಆ ಹೀರಿಕೆಯಿಂದಲೇ ಕೊನೆಗೆ ಒಡೆಯುತ್ತದೆ, ಒಡೆದ ಮೇಲೆ ಬಣ್ಣವೆಂಬುದು ಉಳಿಯುವುದಿಲ್ಲ.

ಬಣ್ಣ ಹೋಗಿದೆ ಎಂದ ಮೇಲೆ ಅದು ಇತ್ತೆಂದು ಸಾಬೀತುಮಾಡುವುದು ಹೇಗೆ? ಪತ್ರ ಒಂದು ಸಾಕ್ಷಿ, ಆದರೆ ಪತ್ರದ ಮಾತೊಂದನ್ನೇ ನಂಬಿ ಚಿತ್ರದ ಯಾವ ಮೂಲೆಯಲ್ಲಿ ಎಷ್ಟು ಕೆಂಪಿತ್ತೆಂದು ಹೇಳಲಾಗದು. ಇಲ್ಲಿ ಸಂಶೋಧಕರ ನೆರವಿಗೆ ಬಂದದ್ದು ಇಯೋಸಿನ್ನಿನ ರಚನೆ. ಅದರ ಪ್ರತಿ ಅಣುವಿನಲ್ಲೂ ನಾಲ್ಕು ಬ್ರೋಮಿನ್ ಪರಮಾಣುಗಳಿವೆ. ಬೆಳಕು ಅಣುವನ್ನು ಒಡೆದು ಅದರ ಬಣ್ಣವನ್ನು ಕಳೆಯಬಲ್ಲದು, ಆದರೆ ಬ್ರೋಮಿನ್ನನ್ನು ಬ್ರೋಮಿನ್ ಅಲ್ಲದಂತೆ ಮಾಡಲಾರದು. ಅದು ಬಣ್ಣದ ಪದರದಲ್ಲಿ ಬಹುಮಟ್ಟಿಗೆ ಇದ್ದಲ್ಲೇ ಉಳಿದುಕೊಂಡಿರುತ್ತದೆ. ವ್ಯಾನ್ ಗೋ ಬಳಸಿದ ಬೇರೆ ಬಣ್ಣಗಳಲ್ಲಿ ಬ್ರೋಮಿನ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಚಿತ್ರದ ಮೇಲೆ ಬ್ರೋಮಿನ್ ಎಲ್ಲೆಲ್ಲಿದೆ ಎಂದು ನಕ್ಷೆ ತೆಗೆದರೆ ಒಂದು ಕಾಲದಲ್ಲಿ ಕೆಂಪು ಎಲ್ಲೆಲ್ಲಿತ್ತೆಂಬ ನಕ್ಷೆಯೇ ಸಿಕ್ಕಂತಾಗುತ್ತದೆ. ಮದುವೆ ಮುಗಿದು ಚಪ್ಪರ ಬಿಚ್ಚಿ ಒಯ್ದ ಮೇಲೂ ನೆಲದಲ್ಲಿ ಉಳಿದ ಗುಣಿಗಳಿಂದ ಯಾವ ಕಂಬ ಎಲ್ಲಿತ್ತೆಂದು ಹೇಳಬಹುದಲ್ಲ, ಹಾಗೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ 1890ರ ಎರಡು ಚಿತ್ರಗಳಲ್ಲಿ ಇಂದು ಹೆಚ್ಚುಕಡಿಮೆ ಬಿಳಿಯಾಗಿ ಕಾಣುವ ಐರಿಸ್ ಹೂವುಗಳ ಹಿನ್ನೆಲೆಯೂ ಗುಲಾಬಿ ಹೂವುಗಳೂ ಮೊದಲು ನಸುಗೆಂಪು ಬಣ್ಣದ್ದಾಗಿದ್ದವೆಂದು ತಿಳಿದದ್ದರಲ್ಲಿ ಈ ವಿಧಾನದ ಪಾಲು ದೊಡ್ಡದು.

ಬ್ರೋಮಿನ್ನನ್ನು ಹುಡುಕುವ ಉಪಕರಣ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಚಿತ್ರಗಳ ವೈಜ್ಞಾನಿಕ ಅಧ್ಯಯನದಲ್ಲಿ ಇಂದು ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ. ಚಿತ್ರದ ಒಂದು ಬಿಂದುವಿನ ಮೇಲೆ ಸಣ್ಣ ಎಕ್ಸ್-ರೇ ಕಿರಣವನ್ನು ಬಿಟ್ಟರೆ ಅದು ಅಲ್ಲಿನ ಪರಮಾಣುಗಳ ಒಳಸುತ್ತಿನ ಎಲೆಕ್ಟ್ರಾನೊಂದನ್ನು ಹೊರಕ್ಕೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಹೊರಸುತ್ತಿನ ಎಲೆಕ್ಟ್ರಾನ್ ಬಂದು ಕೂರುವಾಗ ಒಂದಿಷ್ಟು ಶಕ್ತಿ ಬೇರೊಂದು ಎಕ್ಸ್-ರೇ ರೂಪದಲ್ಲಿ ಹೊರಬೀಳುತ್ತದೆ. ಈ ಶಕ್ತಿಯ ಪ್ರಮಾಣ ಪ್ರತಿ ಧಾತುವಿಗೂ ಬೇರೆ ಬೇರೆ. ಸಕಲೇಶಪುರದ ಸಂತೆಯಲ್ಲಿ ಹಲಸಿನ ಹಣ್ಣನ್ನು ಕೊಯ್ಯದೆ, ಬೆರಳ ಗಂಟಿನಿಂದ ತಟ್ಟಿ, ಬಂದ ಸದ್ದಿನಿಂದಲೇ ಬಲಿತಿದೆಯೋ ಇಲ್ಲವೋ ಎಂದು ಹೇಳುವವರಿದ್ದಾರೆ. ಇಲ್ಲಿ ತಟ್ಟುವುದು ಎಕ್ಸ್-ರೇ, ಮರುದನಿ ಕೊಡುವುದು ಸೀಸ, ಸತು, ಕ್ರೋಮಿಯಂ, ಪಾದರಸ, ಬ್ರೋಮಿನ್. ಕಿರಣವನ್ನು ಚಿತ್ರದ ಮೇಲೆ ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ, ಗದ್ದೆ ಉಳುವಂತೆ ನಡೆಸಿದರೆ ಒಂದೊಂದು ಧಾತುವಿಗೂ ಒಂದೊಂದು ನಕ್ಷೆ ಸಿಗುತ್ತದೆ. ಚಿತ್ರವನ್ನು ಮುಟ್ಟಬೇಕಾಗಿಲ್ಲ, ಕೆರೆಯಬೇಕಾಗಿಲ್ಲ.

ಆದರೆ ಧಾತು ಗೊತ್ತಾದ ಮಾತ್ರಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಸೀಸ ಕಂಡಿತೆನ್ನಿ, ಅದು ಬಿಳಿಯ ಸಫೇದವೋ, ಹನುಮಂತನ ಮೂರ್ತಿಗೆ ಬಳಿಯುತ್ತಿದ್ದ ಕಿತ್ತಳೆಗೆಂಪಿನ ಸಿಂಧೂರವೋ, ಹಳದಿಯ ಕ್ರೋಮ್ ಬಣ್ಣವೋ? ಮೂರರಲ್ಲೂ ಸೀಸವಿದೆ. ಅಣುವಿನ ರಚನೆಯನ್ನೇ ಗುರುತಿಸಬೇಕಾದರೆ ಬೇರೆ ದಾರಿ ಹಿಡಿಯಬೇಕು, ಆ ದಾರಿಗಳಲ್ಲಿ ಒಂದರ ಹೆಸರು ಕನ್ನಡಿಗರಿಗೆ ತೀರ ಪರಿಚಿತವಾದದ್ದು. ಬೆಂಗಳೂರಿನಲ್ಲೇ ಬಾಳಿನ ಕೊನೆಯ ದಶಕಗಳನ್ನು ಕಳೆದ ಸರ್ ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡ ಪರಿಣಾಮ ಅದು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ ಚೆದುರಿ ಬರುವ ಬೆಳಕೆಲ್ಲ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಸುಮಾರು ಕೋಟಿಗೆ ಒಂದು ಕಣ ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿಯನ್ನು ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ಅಣುವಿನ ಹೆಬ್ಬೆಟ್ಟಿನ ಗುರುತು. ಕೋಟಿಗೆ ಒಂದನ್ನು ಹಿಡಿಯುವುದು ರಾಮನ್ ಕಾಲದಲ್ಲಿ ತಾಳ್ಮೆಯ ಕೆಲಸವಾಗಿತ್ತು. ಲೇಸರ್ ಬಂದ ಮೇಲೆ ಸುಲಭವಾಯಿತು.

ಸುಲಭವಾದರೂ ಲೇಕ್ ಬಣ್ಣಗಳ ಎದುರು ಅದೂ ಸೋಲುತ್ತಿತ್ತು, ಏಕೆಂದರೆ ಸಾವಯವ ಕೆಂಪುಗಳು ಲೇಸರ್ ಬಿದ್ದೊಡನೆ ತಾವೇ ಪ್ರಜ್ವಲಿಸಿ ಆ ಕ್ಷೀಣ ಗುರುತನ್ನು ಮುಚ್ಚಿಹಾಕುತ್ತವೆ. ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಸ್ಯಾಂಪಲ್ಲಿಗೆ ತಾಗಿಸಿದರೆ ರಾಮನ್ ಗುರುತು ಹಲವು ಲಕ್ಷ ಪಟ್ಟು ಬಲಗೊಳ್ಳುತ್ತದೆಂಬ ತಿಳಿವು ಈ ತೊಡಕನ್ನು ಬಿಡಿಸಿತು. ಶಿಕಾಗೊ ನಗರದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿರುವ, ಫ್ರೆಂಚ್ ಚಿತ್ರಕಾರ ರೆನ್ವಾ 1883ರಲ್ಲಿ ಬರೆದ ಮಹಿಳೆಯೊಬ್ಬರ ಭಾವಚಿತ್ರದ ಕಥೆಯನ್ನು ಇಲ್ಲಿ ಹೇಳಬೇಕು. ಸಂರಕ್ಷಕರು ಅದರ ಚೌಕಟ್ಟನ್ನು ಬಿಚ್ಚಿದಾಗ, ಚೌಕಟ್ಟಿನ ತುಟಿ ಮುಚ್ಚಿಕೊಂಡಿದ್ದ ಮೇಲಂಚಿನಲ್ಲಿ ಒಂದು ಪಟ್ಟಿ ಕೆಂಪಗೆ ಉರಿಯುತ್ತಿತ್ತು. ಅದರ ಕೆಳಗಿನ ಹಿನ್ನೆಲೆಯೆಲ್ಲ ಬಿಳಿಚಿಕೊಂಡ ಬೂದು ನೀಲಿಯಾಗಿತ್ತು. ಬೆಳ್ಳಿಕಣಗಳ ನೆರವಿನ ರಾಮನ್ ವಿಧಾನದಿಂದ ಆ ಕೆಂಪು ಕಾರ್ಮೈನ್ ಲೇಕ್ ಎಂದು ತಿಳಿಯಿತು, ಅಂದರೆ ನಮ್ಮ ಅರಗಿನ ಹುಳುವಿಗೆ ದೂರದ ನಂಟಿನ, ಅಮೆರಿಕ ಖಂಡದ ಕಳ್ಳಿಗಿಡದ ಮೇಲೆ ಬದುಕುವ ಹುಳುವಿನ ರಂಗು. ಚೌಕಟ್ಟಿನಡಿಯ ಆ ಒಂದು ಬೆರಳಗಲ ಇಲ್ಲದಿದ್ದರೆ ಕೇಳಬೇಕೆಂಬ ಪ್ರಶ್ನೆಯೇ ಯಾರಿಗೂ ಹೊಳೆಯುತ್ತಿರಲಿಲ್ಲ ಎನ್ನುವುದು ನನ್ನ ಅನಿಸಿಕೆ.

ಕೆಂಪಿನ ಕಥೆ ಅಳಿಯುವುದರ ಕಥೆಯಾದರೆ ಹಳದಿಯದು ಕಂದುವುದರ ಕಥೆ, ಮತ್ತು ಅದರಲ್ಲಿ ಹಾಸನ ಜಿಲ್ಲೆಯವರಿಗೆ ನೆಲದ ನಂಟಿದೆ. ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಗಳ ಹಳದಿ ಬಹುಪಾಲು ಕ್ರೋಮ್ ಹಳದಿ, ಅಂದರೆ ಸೀಸದ ಕ್ರೋಮೇಟ್. ಅದರಲ್ಲಿರುವ ಕ್ರೋಮಿಯಂ ಲೋಹದ ಅದಿರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯ ಬೈರಾಪುರದ ಗಣಿಯಲ್ಲಿ ಸಿಗುವ ಕ್ರೋಮೈಟ್. ಈ ಧಾತುವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾ 1797ರಲ್ಲಿ ಗುರುತಿಸಿದ. ಅದರ ಸಂಯುಕ್ತಗಳೆಲ್ಲ ಒಂದೊಂದು ಬಣ್ಣದವಾಗಿದ್ದರಿಂದ ಗ್ರೀಕ್ ಭಾಷೆಯ ಬಣ್ಣ ಎಂಬ ಪದವೇ ಅದಕ್ಕೆ ಹೆಸರಾಯಿತು. ಸೀಸದ ಕ್ರೋಮೇಟನ್ನು ನಮ್ಮ ಅಡುಗೆಮನೆಯೂ ಬಲ್ಲದು, ಕೆಟ್ಟ ಕಾರಣಕ್ಕೆ: ಕಳಪೆ ಅರಿಶಿನ ಕಣ್ಣಿಗೆ ಹೊಡೆಯುವಂತೆ ಕಾಣಲೆಂದು ಕಲಬೆರಕೆಯವರು ಬೆರೆಸುವ ವಿಷ ಅದೇ.

ಕ್ರೋಮ್ ಹಳದಿ ಕಾಲಕ್ರಮದಲ್ಲಿ ಕಂದುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಏಕೆ ಎಂಬುದು ಗೊತ್ತಿರಲಿಲ್ಲ. ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮತ್ತು ನೆದರ್‌ಲೆಂಡ್ಸಿನ ಸಂಶೋಧಕರ ತಂಡವೊಂದು 2011ರಲ್ಲಿ ಉತ್ತರ ಪ್ರಕಟಿಸಿತು. ಹಳೆಯ ಬಣ್ಣದ ಟ್ಯೂಬುಗಳಲ್ಲಿ ಉಳಿದಿದ್ದ ಹಳದಿಯನ್ನು ಕೃತಕ ಬೆಳಕಿನಲ್ಲಿ ಬೇಗ ಮುಪ್ಪಾಗಿಸಿ, ಜೊತೆಗೆ ವ್ಯಾನ್ ಗೋ ಚಿತ್ರಗಳಿಂದ ತೆಗೆದ ಸೂಕ್ಷ್ಮ ಚೂರುಗಳನ್ನು ಇಟ್ಟುಕೊಂಡು, ಗ್ರೆನೋಬ್ಲ್ ನಗರದ ಸಿಂಕ್ರೊಟ್ರಾನ್ ಎಂಬ ಭಾರಿ ಯಂತ್ರದಲ್ಲಿ ಅವನ್ನು ಪರೀಕ್ಷಿಸಿದರು. 844 ಮೀಟರ್ ಸುತ್ತಳತೆಯ ಉಂಗುರದೊಳಗೆ ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸಿ ಅವು ಚೆಲ್ಲುವ ತೀಕ್ಷ್ಣ ಎಕ್ಸ್-ರೇಯನ್ನು ಬಳಸಿಕೊಳ್ಳುವ ಯಂತ್ರ ಅದು. ನಮ್ಮ ದೇಶದಲ್ಲಿ ಇಂದೋರಿನಲ್ಲಿ ಇದರದೇ ಕುಲದ ಚಿಕ್ಕದೊಂದು ಇದೆ. ಆ ಕಿರಣದಿಂದ ಕ್ರೋಮಿಯಂ ಇದೆಯೇ ಎಂದಷ್ಟೇ ಅಲ್ಲ, ಅದು ಯಾವ ಸ್ಥಿತಿಯಲ್ಲಿದೆ ಎಂದೂ ತಿಳಿಯುತ್ತದೆ. ಹಳದಿಯಲ್ಲಿರುವ ಕ್ರೋಮಿಯಂ ಆರರ ಸ್ಥಿತಿಯದ್ದು. ಪಿಯುಸಿ ಪ್ರಯೋಗಾಲಯದಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ ಹಸಿರಾಗುವುದನ್ನು ಕಂಡವರು ಆರರಿಂದ ಮೂರಕ್ಕೆ ಇಳಿದ ಕ್ರೋಮಿಯಮ್ಮನ್ನು ಕಂಡಿದ್ದಾರೆ. ಚಿತ್ರದ ಮೇಲ್ಮೈಯಲ್ಲಿ ನಡೆದದ್ದೂ ಅದೇ: ಬೆಳಕಿನ ಪ್ರೇರಣೆಯಿಂದ, ಮೈಕ್ರಾನುಗಳಲ್ಲಿ ಅಳೆಯುವಷ್ಟು ತೆಳುವಾದ ಮೇಲ್ಪದರದಲ್ಲಿ, ಆರರ ಕ್ರೋಮಿಯಂ ಮೂರರದ್ದಾಗಿ ಇಳಿದಿದೆ, ಹಳದಿಯ ಮೇಲೆ ಕೂತ ಆ ಹಸಿರು ನಮ್ಮ ಕಣ್ಣಿಗೆ ಕಂದಾಗಿ ಕಾಣುತ್ತದೆ.

ಎಲ್ಲ ಕ್ರೋಮ್ ಹಳದಿಯೂ ಒಂದೇ ತೆರನಾಗಿ ಕೆಡುವುದಿಲ್ಲ ಎಂಬುದು ಮುಂದಿನ ಪರೀಕ್ಷೆಗಳಲ್ಲಿ ತಿಳಿದುಬಂತು. ನಿಂಬೆಯ ತಿಳಿಹಳದಿ ಬರಲೆಂದು ತಯಾರಕರು ಕ್ರೋಮೇಟಿನೊಂದಿಗೆ ಸಲ್ಫೇಟನ್ನು ಸೇರಿಸುತ್ತಿದ್ದರು. ಸಲ್ಫೇಟ್ ಹೆಚ್ಚಿದಷ್ಟೂ ಹರಳಿನ ಜೋಡಣೆ ಬದಲಾಗಿ ಬಣ್ಣ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ. ಕಿತ್ತಳೆಯ ಕಡೆಗೆ ವಾಲಿದ ಗಾಢ ಹಳದಿ ಗಟ್ಟಿಗ. ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಸಂಗ್ರಹಾಲಯದಲ್ಲಿರುವ, 1889ರ ಸೂರ್ಯಕಾಂತಿ ಚಿತ್ರವನ್ನು ಪರೀಕ್ಷಿಸಿದವರು 2018ರಲ್ಲಿ ಅದರ ಯಾವ ಯಾವ ಭಾಗದಲ್ಲಿ ಈ ಸೂಕ್ಷ್ಮ ಹಳದಿ ಇದೆಯೆಂದು ನಕ್ಷೆ ಮಾಡಿ ತೋರಿಸಿದರು. ಮರುವರ್ಷ ಆ ಸಂಗ್ರಹಾಲಯ ಇನ್ನು ಮುಂದೆ ಸೂರ್ಯಕಾಂತಿಯನ್ನು ಪ್ರದರ್ಶನಕ್ಕೆಂದು ಬೇರೆ ಊರಿಗೆ ಕಳಿಸುವುದಿಲ್ಲವೆಂದು ತೀರ್ಮಾನಿಸಿತು, ಅದಕ್ಕೆ ಚಿತ್ರದ ಬಣ್ಣದ ಪದರಗಳ ನಾಜೂಕು ಸ್ಥಿತಿ ಕಾರಣವಾಗಿತ್ತು.

ಇಷ್ಟು ಓದಿದವರು ವ್ಯಾನ್ ಗೋ ಅಗ್ಗದ ಬಣ್ಣ ಕೊಂಡು ಮೋಸಹೋದನೆಂದು ತಿಳಿದಾರು. ಹಾಗಲ್ಲ. ಇಂಪ್ರೆಷನಿಸ್ಟರು (ಆ ಕಾಲದ ಫ್ರಾನ್ಸಿನ ಹೊಸ ಪಂಥದ ಚಿತ್ರಕಾರರು) ರೂಢಿಗೆ ತಂದ ಬಣ್ಣಗಳೆಲ್ಲ ಅಸ್ಥಿರ, ಕಾಲ ಅವನ್ನು ತೀರ ಮೆದುಗೊಳಿಸುವುದರಿಂದಲೇ ಅವನ್ನು ಅಂಜದೆ, ಹಸಿಹಸಿಯಾಗಿ ಹಚ್ಚಬೇಕು ಎಂದು ಆತ 1888ರ ಏಪ್ರಿಲಿನಲ್ಲೇ ಥಿಯೋಗೆ ಬರೆದಿದ್ದ. ಪ್ಯಾರಿಸಿನಿಂದ ತಮ್ಮ ಕಳಿಸಬೇಕಾದ ಬಣ್ಣಗಳ ಪಟ್ಟಿಯಲ್ಲಿ ಕ್ರೋಮ್ ಹಳದಿಯ ಮೂರು ಬಗೆಗಳೂ ಜೆರೇನಿಯಂ ಲೇಕೂ ಇದ್ದವು. ತಿಳಿದೇ ಹಚ್ಚಿದ, ಬಾಡುವುದನ್ನು ಲೆಕ್ಕಕ್ಕೆ ಹಿಡಿದು ಒಂದು ಹಿಡಿ ಹೆಚ್ಚೇ ಹಚ್ಚಿದ. ಹುಚ್ಚು ಆವೇಶದಲ್ಲಿ ಕೈಗೆ ಸಿಕ್ಕ ಬಣ್ಣವನ್ನು ಬಳಿದವನೆಂಬ ಸಿನಿಮೀಯ ವ್ಯಾನ್ ಗೋ ಈ ಪತ್ರಗಳ ಎದುರಿಗೂ ಸೂಕ್ಷ್ಮದರ್ಶಕದ ಎದುರಿಗೂ ನಿಲ್ಲುವುದಿಲ್ಲ. ಪ್ಯಾರಿಸ್ ಕಾಲದ ಕೆಲವು ಚಿತ್ರಗಳಲ್ಲಿ ಬಣ್ಣದಡಿಯ ಪೆನ್ಸಿಲ್ ಗೆರೆಗಳನ್ನು ಅವಗೆಂಪು (ಇನ್‌ಫ್ರಾರೆಡ್) ಕ್ಯಾಮೆರಾದಿಂದ ನೋಡಿದಾಗ, ದೂರ ಹತ್ತಿರಗಳ ಅಳತೆ ತಪ್ಪದಿರಲೆಂದು ಆತ ದಾರ ಕಟ್ಟಿದ ಚೌಕಟ್ಟನ್ನು ಎದುರಿಗೆ ನಿಲ್ಲಿಸಿಕೊಂಡು ಬರೆಯುತ್ತಿದ್ದದ್ದು ಸ್ಪಷ್ಟವಾಗಿದೆ.

ಪದರಗಳನ್ನು ನೋಡುವ ಇನ್ನೊಂದು ಬಗೆ ಸ್ವಲ್ಪ ಹಳೆಯದು, ಇಂದಿಗೂ ಅನಿವಾರ್ಯವಾದದ್ದು. ಶಿರಾಡಿ ಘಾಟಿಯಲ್ಲಿ ರಸ್ತೆಗಾಗಿ ಗುಡ್ಡ ಕಡಿದಾಗ ಮೇಲೆ ಕಪ್ಪು ಮಣ್ಣು, ಅದರಡಿ ಕೆಂಪು, ಅದರಡಿ ಜಂಬಿಟ್ಟಿಗೆ, ಬುಡದಲ್ಲಿ ಬಂಡೆ ಹೀಗೆ ಒಂದರ ಕೆಳಗೊಂದು ಕಾಣುತ್ತವಷ್ಟೆ. ಚಿತ್ರದಲ್ಲಿ ಈಗಾಗಲೇ ಬಿರುಕು ಬಿಟ್ಟ ಜಾಗದಿಂದ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಚೂರೊಂದನ್ನು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ ನಯಗೊಳಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಚಿತ್ರವೂ ಹಾಗೆಯೇ ಕಾಣುತ್ತದೆ: ಬುಡದಲ್ಲಿ ಬಟ್ಟೆಗೆ ಹಚ್ಚಿದ ಬಿಳಿಯ ಅಸ್ತರಿ, ಅದರ ಮೇಲೆ ಒಂದೊಂದು ದಿನದ ಬಣ್ಣ. ಎರಡು ಬಣ್ಣಗಳು ಗಡಿಯಲ್ಲಿ ಕಲಸಿಹೋಗಿದ್ದರೆ ಮೊದಲನೆಯದು ಒಣಗುವ ಮುನ್ನವೇ ಎರಡನೆಯದನ್ನು ಹಚ್ಚಿದ್ದಾನೆಂದು ತಿಳಿಯಬೇಕು. ಗಡಿ ಚಾಕುವಿನಿಂದ ಕೊಯ್ದಂತಿದ್ದರೆ ನಡುವೆ ವಾರಗಳೇ ಕಳೆದಿವೆ.

ಬಟ್ಟೆಯೂ ಮಾತಾಡುತ್ತದೆ. ನೇಯ್ಗೆಯ ಹಾಸು ಮತ್ತು ಹೊಕ್ಕಿನ ಎಳೆಗಳು ಒಂದು ಸೆಂಟಿಮೀಟರಿನಲ್ಲಿ ಎಷ್ಟಿವೆ, ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದನ್ನು ಎಕ್ಸ್-ರೇ ಚಿತ್ರದಿಂದ ಕಂಪ್ಯೂಟರ್ ಎಣಿಸಬಲ್ಲದು. ಮಗ್ಗದ ಆ ಏರುಪೇರು ಹೊಂದಿಕೆಯಾದರೆ ಎರಡು ಚಿತ್ರಗಳು ಒಂದೇ ಥಾನಿನಿಂದ ಕತ್ತರಿಸಿದ ತುಂಡುಗಳೆಂದು ಹೇಳಬಹುದು, ಅದರಿಂದ ಕಾಲನಿರ್ಣಯವೂ ಸಾಧ್ಯ. 1888ರ ಕೊನೆಯಲ್ಲಿ ಫ್ರೆಂಚ್ ಚಿತ್ರಕಾರ ಗೋಗ್ಯಾಂ ಆರ್ಲ್‌ಗೆ ಬಂದು ವ್ಯಾನ್ ಗೋನ ಜೊತೆ ಇದ್ದಾಗ ಸುಮಾರು ಇಪ್ಪತ್ತು ಮೀಟರ್ ಒರಟು ಸೆಣಬಿನ ಬಟ್ಟೆ ಕೊಂಡ, ಇಬ್ಬರೂ ಅದರ ಮೇಲೆ ಬರೆದರು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗಿನಲ್ಲಿ ಗೋಣಿಚೀಲ ಹೊತ್ತವರ ಅಂಗೈಗೆ ಪರಿಚಿತವಾದ ಒರಟುತನ ಆ ಚಿತ್ರಗಳ ಮೈಯಲ್ಲಿ ಬಣ್ಣದ ಮೂಲಕವೂ ಎದ್ದು ಕಾಣುತ್ತದೆ. ಯಾವ ಚಿತ್ರ ಆ ಎರಡು ತಿಂಗಳಿನದು ಎಂಬ ವಾದಗಳಲ್ಲಿ ಸೆಣಬಿನ ಸಾಕ್ಷ್ಯಕ್ಕೆ ದೊಡ್ಡ ಬೆಲೆಯಿದೆ.

ಹಣದ ಮುಗ್ಗಟ್ಟಿನಲ್ಲಿ ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಬರೆದದ್ದೂ ಉಂಟು. 1887ರ ಹುಲ್ಲಿನ ಹಾಸಿನ ಚಿತ್ರವೊಂದರ ಅಡಿಯಲ್ಲಿ ಏನೋ ಇದೆಯೆಂಬ ಸುಳಿವು ಮೊದಲೇ ಇತ್ತು. 2008ರಲ್ಲಿ ಹ್ಯಾಂಬರ್ಗ್ ನಗರದ ಸಿಂಕ್ರೊಟ್ರಾನಿನಲ್ಲಿ ಎರಡು ದಿನ ಸ್ಕ್ಯಾನ್ ಮಾಡಿ ಆಂಟಿಮನಿ ಮತ್ತು ಪಾದರಸದ ನಕ್ಷೆಗಳನ್ನು ಸೇರಿಸಿ ನೋಡಿದಾಗ ರೈತ ಹೆಂಗಸೊಬ್ಬಳ ಮುಖ ಎದ್ದುಬಂತು. ಆಂಟಿಮನಿ ಆ ಕಾಲದ ಒಂದು ಹಳದಿಯಿಂದ, ಪಾದರಸ ಇಂಗಳೀಕದ ಕೆಂಪಿನಿಂದ ಬಂದದ್ದು. ತುಟಿ ಕೆನ್ನೆಗಳಿಗೆ ಹಚ್ಚಿದ ಕೆಂಪು ಹುಲ್ಲಿನಡಿ ಸುಮಾರು ನೂರಿಪ್ಪತ್ತು ವರ್ಷ ಕತ್ತಲಲ್ಲಿದ್ದುದರಿಂದ ಬೆಳಕಿನ ಕಾಟವಿಲ್ಲದೆ ಉಳಿದುಕೊಂಡಿತ್ತು. ಅಮೆರಿಕದ ಕಾನ್ಸಸ್ ಸಿಟಿಯಲ್ಲಿರುವ ಆಲಿವ್ ಮರಗಳ ಚಿತ್ರದ ದಪ್ಪ ಬಣ್ಣದಲ್ಲಿ 2017ರಲ್ಲಿ ಒಂದು ಮಿಡತೆ ಸಿಕ್ಕಿತು. ಅದು ಬಣ್ಣದಲ್ಲಿ ಒದ್ದಾಡಿದ ಗುರುತಿರಲಿಲ್ಲ, ಸತ್ತ ಮೇಲೆಯೇ ಗಾಳಿಗೆ ಬಂದು ಅಂಟಿಕೊಂಡದ್ದು. ಬಯಲಲ್ಲಿ ನಿಂತು ಬರೆಯುವವನ ಪಾಡು ಅದು. ಕ್ಯಾನ್ವಾಸಿನಿಂದ ನೂರು ನೊಣಗಳನ್ನಾದರೂ ಕಿತ್ತು ತೆಗೆದೆನೆಂದು ಆತ 1885ರಲ್ಲಿ ಗೊಣಗಿಕೊಂಡಿದ್ದಾನೆ.

ಬೇಲೂರಿನ ಶಿಲ್ಪಿ ದಾಸೋಜ ತನ್ನ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿದಂತೆ ಚಿತ್ರಕಾರನೂ ಸಹಿ ಹಾಕುತ್ತಾನೆ, ಆದರೆ ಕ್ಯಾನ್ವಾಸಿನ ಸಹಿಯನ್ನು ನಕಲು ಮಾಡುವುದು ಮಕ್ಕಳಾಟ. ವಸ್ತುವನ್ನು ನಕಲು ಮಾಡುವುದು ಹಾಗಲ್ಲ. ಬರ್ಲಿನ್ನಿನ ವ್ಯಾಪಾರಿ ಓಟೋ ವಾಕರ್ ಮೂವತ್ತರಷ್ಟು ಖೋಟಾ ವ್ಯಾನ್ ಗೋಗಳನ್ನು ಮಾರಿ 1932ರಲ್ಲಿ ನ್ಯಾಯಾಲಯದ ಕಟಕಟೆ ಹತ್ತಿದಾಗ ಕಲಾಪಂಡಿತರು ಒಬ್ಬರಿಗೊಬ್ಬರು ವಿರುದ್ಧವಾಗಿ ಸಾಕ್ಷಿ ಹೇಳಿದರು. ಬಣ್ಣವನ್ನು ಪರೀಕ್ಷಿಸಿದ ಹಾಲೆಂಡಿನ ತಜ್ಞ ಮಾತ್ರ, ಬೇಗ ಒಣಗಲೆಂದು ಬೆರೆಸಿದ ರಾಳವನ್ನು ಅದರಲ್ಲಿ ಕಂಡುಹಿಡಿದ. ಕಲಾಕೃತಿಗಳ ಮೊಕದ್ದಮೆಯಲ್ಲಿ ಪ್ರಯೋಗಾಲಯಕ್ಕೆ ಅಷ್ಟು ತೂಕ ಬಂದ ಮೊದಲ ಪ್ರಸಂಗಗಳಲ್ಲಿ ಅದೊಂದು.

ಬಣ್ಣದ ಶತ್ರು ಬೆಳಕೊಂದೇ ಎಂದು ಮಲೆನಾಡಿನವರು ತಿಳಿಯಬಾರದು. ನಾರ್ವೆಯ ಎಡ್ವರ್ಡ್ ಮುಂಕ್ ಬರೆದ, ಕೂಗುತ್ತಿರುವ ಮನುಷ್ಯನ ಪ್ರಸಿದ್ಧ ಚಿತ್ರದ ಸುಮಾರು 1910ರ ಪ್ರತಿ 2004ರಲ್ಲಿ ಕಳವಾಗಿ ಎರಡು ವರ್ಷಗಳ ನಂತರ ಸಿಕ್ಕಾಗ ಅದರ ಒಂದು ಮೂಲೆ ತೇವದಿಂದ ಕೆಟ್ಟಿತ್ತು. ಅದರ ಆಕಾಶದ ಮತ್ತು ಮುಖದ ಹಳದಿ ಕ್ಯಾಡ್ಮಿಯಂ ಸಲ್ಫೈಡಿನದು. ಆ ಹಳದಿ ಬಿಳಿಚಿ ಉದುರುತ್ತಿರುವುದಕ್ಕೆ ಮುಖ್ಯ ಕಾರಣ ಬೆಳಕಲ್ಲ, ಗಾಳಿಯ ತೇವಾಂಶ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತೇವಾಂಶವನ್ನು ಶೇಕಡಾ 45ರ ಒಳಗಿಡಿ ಎಂಬುದು ಅವರ ಸಲಹೆ. ಕೊಪ್ಪ, ಶೃಂಗೇರಿಯ ಕಡೆ ಆಷಾಢದಲ್ಲಿ ಗೋಡೆಯೇ ಬೆವರಿ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ ಆ ಅಂಕಿಯನ್ನು ಓದಿದರೆ ನಗು ಬರುತ್ತದೆ. ವ್ಯಾನ್ ಗೋನ ಮಲಗುವ ಕೋಣೆಗೂ ತೇವ ಬಿಟ್ಟದ್ದಲ್ಲ: ಆತ ಆಸ್ಪತ್ರೆಯಲ್ಲಿದ್ದಾಗ ಮನೆಗೆ ಹತ್ತಿದ ನದಿಯ ತೇವದಿಂದ ಮೊದಲ ಚಿತ್ರ ಹಾಳಾಗತೊಡಗಿದ್ದರಿಂದಲೇ 1889ರಲ್ಲಿ ಅದನ್ನು ಮತ್ತೆ ಬರೆದ. ಅದೇ ವರ್ಷ ತಾಯಿ ಮತ್ತು ತಂಗಿಗೆಂದು ಚಿಕ್ಕ ಪ್ರತಿಯೊಂದನ್ನೂ ಬರೆದ. ಹೀಗಾಗಿ ಇಂದು ನಮಗೆ ಒಂದಲ್ಲ, ಮೂರು ಕೋಣೆಗಳಿವೆ, ಆಮ್‌ಸ್ಟರ್‌ಡ್ಯಾಮ್, ಶಿಕಾಗೊ ಮತ್ತು ಪ್ಯಾರಿಸಿನಲ್ಲಿ.

ಒಳ್ಳೆಯ ಉದ್ದೇಶವೂ ಕೆಲವೊಮ್ಮೆ ಕೇಡು ಮಾಡುತ್ತದೆ. ವ್ಯಾನ್ ಗೋ ತನ್ನ ಈ ಕಾಲದ ಚಿತ್ರಗಳಿಗೆ ವಾರ್ನಿಷ್ ಬಳಿಯುತ್ತಿರಲಿಲ್ಲ; ಅವನ ಮರಣದ ನಂತರ ರಕ್ಷಣೆಗೆಂದು ಬೇರೆಯವರು ಬಳಿದರು. ನೀಲಿ ಹೂದಾನಿಯ 1887ರ ಒಂದು ಚಿತ್ರದಲ್ಲಿ ಆ ವಾರ್ನಿಷ್ಷೇ ಅಡಿಯ ಕ್ಯಾಡ್ಮಿಯಂ ಹಳದಿಯೊಂದಿಗೆ ಸೇರಿ ಬೂದು ಬಣ್ಣದ ಹಕ್ಕಳೆ ಕಟ್ಟಿದ್ದನ್ನು 2012ರಲ್ಲಿ ವರದಿ ಮಾಡಲಾಯಿತು. ತೆಗೆಯಲು ಹೋದರೆ ಬಣ್ಣವೂ ಕಿತ್ತುಬರುತ್ತದೆ. ಇದೇ ಕಾರಣಕ್ಕೆ ಹೋದ ಕೆಂಪನ್ನು ಚಿತ್ರದ ಮೇಲೆ ಮರಳಿ ಬಳಿಯುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಬದಲಿಗೆ ಬ್ರೋಮಿನ್ ನಕ್ಷೆ, ಪತ್ರಗಳು, ಹಳೆಯ ಪಾಕದಂತೆ ಹೊಸದಾಗಿ ತಯಾರಿಸಿದ ಬಣ್ಣ ಇವೆಲ್ಲವನ್ನೂ ಆಧರಿಸಿ ಕಂಪ್ಯೂಟರಿನಲ್ಲಿ ಮೂಲಚಿತ್ರವನ್ನು ಊಹಿಸಿ ತೋರಿಸುತ್ತಾರೆ. ಶಿಕಾಗೊದಲ್ಲಿ 2016ರ ಪ್ರದರ್ಶನದಲ್ಲಿ ಮಲಗುವ ಕೋಣೆಯ ನೇರಳೆ ಗೋಡೆಯನ್ನು ಜನ ಹಾಗೆ ಕಂಡರು. ಇಂಥ ಮರುರಚನೆಗಳನ್ನು ನೋಡುವಾಗ ಒಂದು ಎಚ್ಚರವಿರಬೇಕೆಂದು ನನಗನ್ನಿಸುತ್ತದೆ. ಕೆಂಪು ಇತ್ತೆಂಬುದು ಅಳತೆಯಿಂದ ಬಂದ ತಿಳಿವು. ಎಷ್ಟು ಕೆಂಪಿತ್ತೆಂಬುದರಲ್ಲಿ ಊಹೆಯ ಪಾಲು ಇದ್ದೇ ಇರುತ್ತದೆ, ಆ ಚಿತ್ರವನ್ನು 1888ರ ಫೋಟೋ ಎಂಬಂತೆ ಹಂಚಿಕೊಳ್ಳುವುದು ಸರಿಯಲ್ಲ.

ಉಳಿದದ್ದನ್ನು ಉಳಿಸಿಕೊಳ್ಳುವ ಉಪಾಯ ಸರಳವಾದದ್ದೇ. ಸೂಕ್ಷ್ಮ ಬಣ್ಣಗಳಿರುವ ಕೃತಿಗಳಿಗೆ ಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ನಡುಹಗಲ ಬಯಲಿನ ಬಿಸಿಲು ಒಂದು ಲಕ್ಷ ಲಕ್ಸಿನಷ್ಟು. ನಮ್ಮ ಹಜಾರದ ಹಳೆಯ ದೇವರ ಪಟಗಳಿಗೆ, ಅಜ್ಜ ಅಜ್ಜಿಯರ ಬಣ್ಣ ಹಚ್ಚಿದ ಫೋಟೋಗಳಿಗೆ ಕಿಟಕಿಯ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆ ಸಿಕ್ಕರೂ ಸಾಕು. ಕಳೆದ ಮಳೆಗಾಲದಲ್ಲಿ ಗಾಜು ಒಡೆದ ನಮ್ಮ ಮನೆಯ ಲಕ್ಷ್ಮಿಯ ಪಟವನ್ನು ಹೊಸ ಕಟ್ಟು ಹಾಕಿಸಲೆಂದು ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಒಯ್ದಿದ್ದೆ. ಹಳೆಯ ಕಟ್ಟು ಬಿಚ್ಚಿದಾಗ ನಾಲ್ಕೂ ಅಂಚಿನಲ್ಲಿ, ಮರದ ತುಟಿ ಮುಚ್ಚಿದ್ದಷ್ಟಗಲ, ನಾನು ಎಂದೂ ಕಾಣದ ಗುಲಾಬಿ ಬಣ್ಣವಿತ್ತು. ನಡುವಿನ ಪಟ ಕಟಿಂಗ್ ಶಾಪಿನ ತರುಣರಂತೆ ನೀಲಿಗೆ ತಿರುಗಿತ್ತು. ನಾನು ಹಣ ಎಣಿಸುತ್ತಿದ್ದ ಹೊತ್ತಿಗೆ ಅಂಗಡಿಯವರು ಸ್ಕೇಲಿಟ್ಟು, ಅಂಚು ಒಂದೇ ಸಮ ಇಲ್ಲವೆಂದು, ಆ ನಾಲ್ಕು ಪಟ್ಟಿಗಳನ್ನೂ ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಕಸದ ಡಬ್ಬಿಗೆ ಹಾಕಿದರು. ಪಟಕ್ಕೆ ಕಟ್ಟು ಹಾಕಿಸಲು ಕೊಡುವವರು ಅಂಚನ್ನು ಕತ್ತರಿಸಬೇಡಿ, ಮಡಚಿಯಾದರೂ ಒಳಗಿಡಿ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.